ಚರ್ಚೆ: ಮಕ್ಕಳಿಗೆ ಆರು ಧರ್ಮಗಳ ಹೋಲಿಕೆ, ಕ್ರೈಸ್ತ ಧರ್ಮದಿಂದ ಶುರು. ಕೋಷ್ಟಕ ಸರಿ ಇದೆಯಾ?

ಗೂಡುದೀಪ
ನಮ್ಮ ಊರಿನ ಮಕ್ಕಳ ಗ್ರಂಥಾಲಯಕ್ಕಾಗಿ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಹತ್ತರಿಂದ ಹದಿನಾಲ್ಕು ವರ್ಷದವರಿಗೆ. ಕ್ರೈಸ್ತ ಧರ್ಮವನ್ನು ಹಿಂದೂ, ಇಸ್ಲಾಂ, ಬೌದ್ಧ, ಜೈನ, ಸಿಖ್ ಧರ್ಮಗಳ ಪಕ್ಕದಲ್ಲಿ ಇಟ್ಟು ನೋಡುವುದು. ಕ್ರೈಸ್ತ ಧರ್ಮದಿಂದಲೇ ಯಾಕೆ ಶುರು ಅಂದರೆ, ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಬಹಳ ಜನ ಕಾನ್ವೆಂಟ್ ಶಾಲೆಗೆ ಹೋಗುವವರು. ದಿನಾ ಶಿಲುಬೆ ನೋಡುತ್ತಾರೆ, ಕ್ರಿಸ್‌ಮಸ್ ಗೋದಲಿ ಗೊತ್ತು, ಈಸ್ಟರ್ ಯಾತಕ್ಕೆ ಅಂತ ಕೇಳಿದರೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ಪಕ್ಕದ ಮನೆಯ ರಂಜಾನ್ ಉಪವಾಸದ ಬಗ್ಗೆಯೂ ಅಷ್ಟೇ.

ಕೋಷ್ಟಕ ಹೀಗಿದೆ. ಕ್ರಮ: ಕ್ರೈಸ್ತ, ಹಿಂದೂ, ಇಸ್ಲಾಂ, ಬೌದ್ಧ, ಜೈನ, ಸಿಖ್.

ಸ್ಥಾಪಕರು: ಯೇಸು / ಇಲ್ಲ / ಮುಹಮ್ಮದ್ / ಬುದ್ಧ / ಮಹಾವೀರ / ಗುರು ನಾನಕ್
ಗ್ರಂಥ: ಬೈಬಲ್ / ವೇದ, ಗೀತೆ / ಕುರಾನ್ / ತ್ರಿಪಿಟಕ / ಆಗಮ / ಗುರು ಗ್ರಂಥ ಸಾಹಿಬ್
ದೇವರು: ಒಬ್ಬನೇ / ಹಲವು ರೂಪ / ಒಬ್ಬನೇ / ಇಲ್ಲ / ಸೃಷ್ಟಿಕರ್ತ ಇಲ್ಲ / ಒಬ್ಬನೇ
ವಿಗ್ರಹಾರಾಧನೆ: ಇಲ್ಲ / ಇದೆ / ಇಲ್ಲ / ಇದೆ / ಇದೆ / ಇಲ್ಲ

ಏನಾದರೂ ಬಿಟ್ಟಿದ್ದರೆ ಹೇಳಿ. ಅಚ್ಚಿಗೆ ಹೋಗುವ ಮೊದಲು ತಿದ್ದುತ್ತೇನೆ.

ಬೀದರ್_ಓದುಗ
ಮೊದಲ ಸಾಲಿನಲ್ಲೇ ತೊಂದರೆ ಇದೆ. ಇಸ್ಲಾಂ ಸ್ಥಾಪಿಸಿದವರು ಮುಹಮ್ಮದ್ ಅಂತ ಮುಸಲ್ಮಾನರು ಹೇಳುವುದಿಲ್ಲ. ಅವರು ಕೊನೆಯ ಪ್ರವಾದಿ. ಆದಮರಿಂದ ಹಿಡಿದು ಇಬ್ರಾಹಿಂ, ಮೂಸಾ, ಈಸಾ ಎಲ್ಲರೂ ತೋರಿಸಿದ್ದು ಒಂದೇ ದಾರಿ ಅನ್ನುವುದು ನಮ್ಮ ನಂಬಿಕೆ. ಆ ಈಸಾ ಅಂದರೆ ನೀವು ಕ್ರೈಸ್ತರ ಕೆಳಗೆ ಬರೆದಿರುವ ಯೇಸುವೇ. ಕುರಾನಿನ 19ನೇ ಅಧ್ಯಾಯದ ಹೆಸರು ಮರಿಯಮ್. ಇಡೀ ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಹೆಣ್ಣು ಅವರೊಬ್ಬರೇ. ಯೇಸು ಕನ್ಯೆಯ ಮಗ, ಮಸೀಹ ಅನ್ನುವುದು ನಮಗೂ ಒಪ್ಪಿಗೆ. ದೇವರ ಮಗ ಅನ್ನುವುದು ಒಪ್ಪಿಗೆ ಇಲ್ಲ, ಶಿಲುಬೆಯ ಮೇಲೆ ಸತ್ತರು ಅನ್ನುವುದೂ ಇಲ್ಲ. 4ನೇ ಅಧ್ಯಾಯದ 157ನೇ ವಾಕ್ಯ ನೋಡಿ. ಎರಡು ಧರ್ಮಗಳು ಒಬ್ಬರೇ ವ್ಯಕ್ತಿಯ ಬಗ್ಗೆ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದೇ ಬಿಟ್ಟುಹೋಗಿದೆ. ಇಸ್ಲಾಂ ಕಾಲಂನಲ್ಲಿ ಯೇಸುವಿನ ಹೆಸರು ಹೇಗೆ ತರುತ್ತೀರಿ?

ಕುಡ್ಲ_ಕೊಂಕಣಿ
ಕ್ರೈಸ್ತರಿಗೆ ವಿಗ್ರಹಾರಾಧನೆ "ಇಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಿದಿರಲ್ಲ. ಸೆಪ್ಟೆಂಬರ್ 8ಕ್ಕೆ ಮಂಗಳೂರಿಗೆ ಬಂದು ಯಾವುದಾದರೂ ಇಗರ್ಜಿಯ ಅಂಗಳದಲ್ಲಿ ನಿಲ್ಲಿ. ಮೊಂತಿ ಫೆಸ್ತ್, ಮರಿಯ ಮಾತೆಯ ಹುಟ್ಟುಹಬ್ಬ. ಅದಕ್ಕೂ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ಹೊತ್ತುಕೊಂಡು ಸಾಲಾಗಿ ಬರುತ್ತಾರೆ. ಪುಟ್ಟ ಮರಿಯಳ ಪ್ರತಿಮೆಗೆ ಹಾಡು ಹೇಳುತ್ತಾ ಹೂ ಹಾಕುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆ ಮನೆಗೆ ಕೊಡುತ್ತಾರೆ. ಮನೆಯಲ್ಲಿ ಆ ಕಾಳು ಸುಲಿದು, ಜಜ್ಜಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಂದೊಂದು ಗುಟುಕು ತೆಗೆದುಕೊಳ್ಳುತ್ತೇವೆ. ಆವತ್ತು ಮೀನು ಮಾಂಸ ಇಲ್ಲ, ಬಾಳೆ ಎಲೆಯಲ್ಲಿ ಊಟ. ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾದಲ್ಲಿ ಅದೇ ದಿನ ಮಾತೆಯ ತೇರು. ಪ್ರತಿಮೆಗೆ ಸೀರೆ ಉಡಿಸಿರುತ್ತಾರೆ. ಇದನ್ನೆಲ್ಲ ಕಣ್ಣಾರೆ ನೋಡಿದ ಮಗು ನಿಮ್ಮ ಪುಸ್ತಕದಲ್ಲಿ "ಇಲ್ಲ" ಅಂತ ಓದಿದರೆ ಮಿಕ್ಕಿದ್ದನ್ನೂ ನಂಬುವುದಿಲ್ಲ.

ಧಾರವಾಡದವ
"ಇಲ್ಲ" ಅಂತ ಇರುವುದೇ ಸರಿ. ಬದಲಿಸಬೇಡಿ. ಸಂಡೇ ಸ್ಕೂಲಿನಲ್ಲಿ ನಾವು ಪ್ರೊಟೆಸ್ಟೆಂಟರು ಮಕ್ಕಳಿಗೆ ಬಾಯಿಪಾಠ ಮಾಡಿಸುವ, ಬೈಬಲಿನ ಹತ್ತು ಆಜ್ಞೆಗಳಲ್ಲಿ ಎರಡನೇ ಆಜ್ಞೆಯೇ ಅದು. ಮೂರ್ತಿ ಮಾಡಿಕೊಳ್ಳಬೇಡ, ಅಡ್ಡಬೀಳಬೇಡ. ವಿಮೋಚನಕಾಂಡದ 20ನೇ ಅಧ್ಯಾಯ. ಕರಾವಳಿಯ ಹಬ್ಬ ಚೆಂದ ಇರಬಹುದು. ಊರಿನ ಹಬ್ಬ ಬೇರೆ, ಧರ್ಮ ಏನು ಹೇಳುತ್ತದೆ ಅನ್ನುವುದು ಬೇರೆ.

ಕುಡ್ಲ_ಕೊಂಕಣಿ
"ಎರಡನೇ ಆಜ್ಞೆ" ಅಂತ ಇಷ್ಟು ಗಟ್ಟಿಯಾಗಿ ಹೇಳಬೇಡಿ. ನಮ್ಮ ಕಥೋಲಿಕರ ಧರ್ಮಪಾಠ, ಅಂದರೆ ಜ್ಞಾನೋಪದೇಶದಲ್ಲಿ ಎರಡನೆಯದು, ದೇವರ ಹೆಸರನ್ನು ಸುಮ್ನೆ ಎತ್ತಬೇಡ ಅನ್ನುವುದು. ನೀವು ಎರಡನೆಯದು ಅನ್ನುವುದು ನಮ್ಮಲ್ಲಿ ಮೊದಲನೆಯದರ ಒಳಗೇ ಇದೆ. ನಿಮ್ಮ ಸಭೆಯ ಲೆಕ್ಕವನ್ನು ಇಡೀ ಕ್ರೈಸ್ತ ಧರ್ಮದ ಲೆಕ್ಕ ಮಾಡಬೇಡಿ.

ಧಾರವಾಡದವ
"ಒಳಗೇ ಇದೆ" ಅಂದರೆ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಇದೆ ಅಂತ ಅರ್ಥ. ಮೂರ್ತಿಯ ಮಾತನ್ನು ಮೊದಲನೆಯದಕ್ಕೆ ತುರುಕಿದರೆ ಒಂಬತ್ತೇ ಉಳಿಯುತ್ತದೆ. ಹತ್ತು ತುಂಬಿಸಲು ಕೊನೆಯದನ್ನು ಎರಡು ಮಾಡಿದ್ದೀರಿ. ಪಕ್ಕದವನ ಹೆಂಡತಿಯನ್ನು ಬಯಸಬೇಡ ಒಂದು, ಪಕ್ಕದವನ ಆಸ್ತಿಯನ್ನು ಬಯಸಬೇಡ ಇನ್ನೊಂದು. ಬಯಸಬೇಡ ಅನ್ನುವುದು ಒಂದೇ ಆಜ್ಞೆ ಅಲ್ವಾ?

ಕುಡ್ಲ_ಕೊಂಕಣಿ
ತುರುಕಿದ್ದೇವೆ ಅನ್ನುವುದು ನೂರಾರು ವರ್ಷದ ಹಳೆಯ ಅಪವಾದ. ಇನ್ನೂ ಅದನ್ನೇ ತಿರುಗಿಸಿ ಹಾಕುತ್ತೀರಲ್ಲ. ಬೈಬಲಿನಲ್ಲಿ ಆಜ್ಞೆಗಳಿಗೆ ಒಂದು, ಎರಡು ಅಂತ ಸಂಖ್ಯೆಯೇ ಇಲ್ಲ. ಹತ್ತು ಅನ್ನುವ ಮಾತು ವಿಮೋಚನಕಾಂಡ 34ರಲ್ಲಿ ಬರುತ್ತದೆ, ಎಲ್ಲಿ ಕತ್ತರಿಸಬೇಕು ಅನ್ನುವುದು ಬರುವುದಿಲ್ಲ. ನಮ್ಮ ಲೆಕ್ಕ ಸಂತ ಅಗಸ್ಟೀನರದು. ಧರ್ಮೋಪದೇಶಕಾಂಡ 5ರಲ್ಲಿ ಹೆಂಡತಿಯ ಮಾತು ಮೊದಲು ಬೇರೆಯಾಗಿಯೇ ಬರುತ್ತದೆ. ಇನ್ನೊಂದು ಕೇಳಿ. 1529ರಲ್ಲಿ ಮಕ್ಕಳಿಗಾಗಿ ಚಿಕ್ಕ ಜ್ಞಾನೋಪದೇಶ ಬರೆದಾಗ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಕೂಡ ನಮ್ಮ ಲೆಕ್ಕವನ್ನೇ ಇಟ್ಟುಕೊಂಡರು. ಅವರನ್ನೂ ಕೇಳುತ್ತೀರಾ, ಎಲ್ಲಿ ಮುಚ್ಚಿಟ್ಟಿರಿ ಅಂತ?

ಪ್ರಶ್ನಿಸು
ಎರಡನೆಯದೋ ಮೊದಲನೆಯದೋ ಅಂತ ದೊಡ್ಡವರೇ ಹೀಗೆ ಕಿತ್ತಾಡುವ ವಿಷಯ ಹತ್ತು ವರ್ಷದ ಮಗುವಿಗೆ ಯಾಕೆ? ಸಂವಿಧಾನದ 28ನೇ ವಿಧಿ ಓದಿ. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಕ್ಕಳಿಗೆ ವಿಜ್ಞಾನ ಕೊಡಿ. ಹದಿನೆಂಟು ತುಂಬಿದ ಮೇಲೆ ಬೇಕಾದ ಧರ್ಮ ಓದಿಕೊಳ್ಳಲಿ.

ಗೂಡುದೀಪ
ನಮ್ಮದು ಶಾಲೆಯಲ್ಲ, ಗ್ರಂಥಾಲಯ. ಅದೂ ಅಲ್ಲದೆ ಧರ್ಮ ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಧರ್ಮಗಳ ಪರಿಚಯ ಮಾಡಿಕೊಡುವುದಕ್ಕೆ 28ನೇ ವಿಧಿ ಅಡ್ಡ ಬರುವುದಿಲ್ಲ. ಹದಿನೆಂಟರ ತನಕ ಕಾಯುವುದಾದರೆ, ಅಷ್ಟರಲ್ಲಿ ಮೊಬೈಲ್‌ನಲ್ಲಿ ಬರುವ ಫಾರ್ವರ್ಡ್‌ಗಳೇ ಎಲ್ಲ ಹೇಳಿಕೊಟ್ಟಿರುತ್ತವೆ.

ಲೀಡ್ಸ್_ಕನ್ನಡತಿ
ಧರ್ಮಗಳ ಬಗ್ಗೆ ತಿಳಿಸುವುದು ಅಂದಿರಲ್ಲ, ಇಂಗ್ಲೆಂಡಿನಲ್ಲಿ ಅದು ಶಾಲೆಯಲ್ಲೇ ನಡೆಯುತ್ತದೆ. ಪ್ರತಿ ಊರಾಡಳಿತಕ್ಕೂ ತನ್ನದೇ ಪಠ್ಯಕ್ರಮ, ಅದನ್ನು ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂತು ಒಪ್ಪಬೇಕು. 1988ರ ಕಾನೂನಿನ ಪ್ರಕಾರ ಪಾಠದಲ್ಲಿ ಮುಖ್ಯವಾಗಿ ಕ್ರೈಸ್ತ ಪರಂಪರೆ ಇರಬೇಕು, ದೇಶದಲ್ಲಿರುವ ಉಳಿದ ದೊಡ್ಡ ಧರ್ಮಗಳೂ ಇರಬೇಕು. ಬೇಡ ಅನ್ನುವ ತಂದೆ ತಾಯಿ ಮಗುವನ್ನು ಹೊರಗಿಡಬಹುದು. ಆ ಹಕ್ಕು 1944ರ ಕಾನೂನಿನಿಂದಲೂ ಇದೆ. ನನ್ನ ಮಗಳ ತರಗತಿಯವರನ್ನು ಗುರುದ್ವಾರಕ್ಕೆ ಕರೆದುಕೊಂಡು ಹೋಗಿದ್ದರು. ಗುರು ಗ್ರಂಥ ಸಾಹಿಬ್ ಮೇಲೆ ಚೌರಿ ಬೀಸುವುದನ್ನು ನೋಡಿದಳು. ರಾತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ, ಬೇರೆ ಕೋಣೆಗೆ ಒಯ್ದು ಮಲಗಿಸುತ್ತಾರೆ ಅಂತ ಅಲ್ಲಿನವರು ಹೇಳಿದರಂತೆ. 1708ರಿಂದ ಆ ಗ್ರಂಥವೇ ಗುರು. ಮನೆಗೆ ಬಂದು ಅವಳು ಕೇಳಿದ್ದು, "ಪುಸ್ತಕಕ್ಕೆ ನಿದ್ದೆ ಬರುತ್ತಾ ಅಮ್ಮಾ?" ನಿಮ್ಮ ಕೋಷ್ಟಕದಲ್ಲಿ ಸಿಖ್ಖರ ಕೆಳಗೆ ಬರೀ "ಇಲ್ಲ" ಇದೆ. ಆ ಪ್ರಶ್ನೆಗೆ ಅಲ್ಲಿ ಜಾಗ ಎಲ್ಲಿದೆ? ಇದೆ, ಇಲ್ಲ ಅಂತ ಉತ್ತರ ತುಂಬಿಸುವ ಬದಲು ಪ್ರತಿ ಧರ್ಮದವರು ಏನು ಮಾಡುತ್ತಾರೆ ಅಂತ ನಾಲ್ಕು ಸಾಲು ಬರೆಯಿರಿ.

ಬಿಳಿಗಿರಿ
"ಮುಖ್ಯವಾಗಿ ಕ್ರೈಸ್ತ." ಬಂತಲ್ಲ ಅಸಲಿ ಮಾತು. ಇಲ್ಲೂ ಅದೇ ನಡೆಯುತ್ತಿದೆ. ಕನ್ನಡದಲ್ಲಿ ಧರ್ಮಗಳನ್ನು ಪಕ್ಕಪಕ್ಕ ಇಟ್ಟು ತೂಗುವ ಪುಸ್ತಕಗಳನ್ನು ಅಚ್ಚು ಹಾಕಿ ಹಂಚಿದವರು ಮಿಷನರಿಗಳು. ಅವರ ಕರಪತ್ರಗಳಲ್ಲಿ ನಮ್ಮ ದೇವರುಗಳು ಕಲ್ಲು, ಮರ. ಅವರದ್ದು ಮಾತ್ರ ಜೀವಂತ. ಈಗ ನೀವು ಮೊದಲ ಕಾಲಂ ಕ್ರೈಸ್ತರಿಗೆ ಕೊಟ್ಟಿದ್ದೀರಿ. ಸ್ಥಾಪಕರು, ಗ್ರಂಥ, ಒಬ್ಬ ದೇವರು, ಎಲ್ಲ ಸಾಲೂ ಅವರ ಅಳತೆಗೆ ಹೊಲಿದದ್ದು. ನಮ್ಮ ಕಾಲಂಗೆ ಬಂದರೆ ಸ್ಥಾಪಕರು "ಇಲ್ಲ". ಮಗುವಿಗೆ ಏನು ಅನಿಸುತ್ತದೆ? ನಮ್ಮ ಧರ್ಮದಲ್ಲಿ ಏನೋ ಕೊರತೆ ಇದೆ ಅಂತ. ವಿಗ್ರಹಾರಾಧನೆಯ ಸಾಲಿನಲ್ಲಿ ಮಾತ್ರ ನಮಗೆ "ಇದೆ".

ಧಾರವಾಡದವ
ಮಿಷನರಿಗಳು ಅಂತ ಒಂದೇ ಕೋಲಿನಲ್ಲಿ ಹೊಡೆಯಬೇಡಿ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ನಮ್ಮ ಧಾರವಾಡಕ್ಕೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ತಂದವರು ಆ ಮಿಷನ್ನಿನ ಮೋಗ್ಲಿಂಗ್. ದಾಸರ ಪದಗಳನ್ನು 1850ರಲ್ಲಿ ಅಚ್ಚು ಹಾಕಿದವರೂ ಅವರೇ. ಕಿಟ್ಟೆಲರ ನಿಘಂಟು 1894. ನಿಮ್ಮ ಮನೆಯಲ್ಲೂ ಅದರ ಒಂದು ಪ್ರತಿ ಇರಬಹುದು.

ಬಿಳಿಗಿರಿ
ನಿಘಂಟಿಗೆ ಕೈ ಮುಗಿಯುತ್ತೇನೆ. ಅದನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ನಾನು ಕೇಳಿದ್ದು ಕರಪತ್ರದ ಬಗ್ಗೆ. ದಾಸರ ಪದ ಅಚ್ಚು ಹಾಕಿದ ಜನ ಅದೇ ದಾಸರು ಯಾರ ಮುಂದೆ ನಿಂತು ಹಾಡಿದರೋ ಆ ಕೃಷ್ಣನ ಮೂರ್ತಿಯನ್ನು ಕಲ್ಲು ಅಂದರು. ಎರಡೂ ನಿಜ. ನೀವು ಒಂದನ್ನೇ ಹೇಳುತ್ತೀರಿ.

ಶ್ರಾವಕ
"ಮೊದಲ ಕಾಲಂ" ವಿಷಯ ಇರಲಿ, ಸ್ಥಾಪಕರು ಅನ್ನುವ ಸಾಲೇ ತಪ್ಪು. ಜೈನ ಧರ್ಮವನ್ನು ಮಹಾವೀರರು ಸ್ಥಾಪಿಸಲಿಲ್ಲ. ಅವರು ಇಪ್ಪತ್ತನಾಲ್ಕನೇ ತೀರ್ಥಂಕರರು. ಅವರಿಗಿಂತ ಮುಂಚೆ ಪಾರ್ಶ್ವನಾಥರು, ಎಲ್ಲರಿಗಿಂತ ಮೊದಲು ಋಷಭನಾಥರು. ವಿಗ್ರಹದ ಸಾಲಿನಲ್ಲಿ ನಮಗೂ "ಇದೆ" ಅಂತ ಬರೆದಿದ್ದೀರಿ. ಶ್ರವಣಬೆಳಗೊಳ ನೋಡಿ ಬರೆದಿರಬೇಕು. ಅಲ್ಲಿರುವ ಬಾಹುಬಲಿ ತೀರ್ಥಂಕರ ಕೂಡ ಅಲ್ಲ, ಋಷಭನಾಥರ ಮಗ. ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಅರಿಸಿನ, ಗಂಧದಿಂದ ಅಭಿಷೇಕ ಮಾಡುತ್ತೇವೆ. ವರ ಕೊಡು ಅಂತ ಕೇಳುವುದಕ್ಕಲ್ಲ, ಮುಕ್ತಿ ಪಡೆದವರು ಯಾರಿಗೂ ಏನನ್ನೂ ಕೊಡುವುದಿಲ್ಲ. ಅವರ ಗುಣ ನಮಗೆ ಬರಲಿ ಅಂತ ಅಷ್ಟೇ. ನಮ್ಮಲ್ಲೇ ಸ್ಥಾನಕವಾಸಿಗಳು, ಶ್ವೇತಾಂಬರ ತೇರಾಪಂಥದವರು ಮೂರ್ತಿಯನ್ನೇ ಇಡುವುದಿಲ್ಲ. ಈಗ ಹೇಳಿ, "ಇದೆ"ಯಾ "ಇಲ್ಲ"ವಾ?

ಗೂಡುದೀಪ
ನಲವತ್ತು ಪುಟದ ಪುಸ್ತಕ ಇದು. ಪ್ರತಿ ಪಂಗಡದ್ದೂ ಬರೆಯುತ್ತಾ ಹೋದರೆ ಮಕ್ಕಳು ಮೂರನೇ ಪುಟಕ್ಕೆ ಮುಚ್ಚಿಡುತ್ತಾರೆ. ಕ್ರೈಸ್ತ ಮತ್ತು ಜೈನ ಎರಡಕ್ಕೂ "ಕೆಲವರಲ್ಲಿ ಇದೆ" ಅಂತ ಹಾಕುತ್ತೇನೆ. ಆಗ ಸರಿಯಾಗುತ್ತದೆ ಅಲ್ವಾ?

ಕುಡ್ಲ_ಕೊಂಕಣಿ
"ಕೆಲವರಲ್ಲಿ ಇದೆ" ಬೇಡವೇ ಬೇಡ! ಆ ಕೆಲವರು ಅಂದರೆ ನಾವು ತಾನೇ? ಕಥೋಲಿಕರು ವಿಗ್ರಹಾರಾಧನೆ ಮಾಡುವುದಿಲ್ಲ. 787ರಲ್ಲಿ ನೈಸಿಯಾ ಊರಿನಲ್ಲಿ ಸೇರಿದ ಬಿಷಪ್‌ಗಳ ಎರಡನೇ ಮಹಾಸಭೆ ಸ್ಪಷ್ಟವಾಗಿ ಹೇಳಿತು, ಆರಾಧನೆ ದೇವರೊಬ್ಬನಿಗೆ, ಚಿತ್ರಕ್ಕೆ ಸಲ್ಲಿಸುವುದು ಗೌರವ, ಆ ಗೌರವ ಚಿತ್ರದಲ್ಲಿ ಇರುವವರಿಗೆ ಹೋಗಿ ಮುಟ್ಟುತ್ತದೆ ಅಂತ.

ಧಾರವಾಡದವ
ಹಾಗಾದರೆ "ಇಲ್ಲ" ಅಂತ ಇದ್ದದ್ದು ಸರಿಯೇ ಆಯಿತಲ್ಲ! ಹೂವಿನ ಬುಟ್ಟಿ, ತೇರು, ಸೀರೆ ಅಂತ ಅಷ್ಟುದ್ದ ಬರೆದಿರಿ, "ಇಲ್ಲ" ಅಂದರೆ ಪುಸ್ತಕ ಸುಳ್ಳು ಅಂದಿರಿ. ಈಗ "ಇದೆ" ಅಂದರೂ ಸುಳ್ಳು. ಯಾವುದು ಬರೆಯಬೇಕು ಅಂತ ನೀವೇ ಹೇಳಿ.

ಕುಡ್ಲ_ಕೊಂಕಣಿ
ಪ್ರತಿಮೆಗಳು ಇವೆ, ಗೌರವ ಇದೆ, ಆರಾಧನೆ ಇಲ್ಲ. ಮೂರೂ ಬರೆಯಬೇಕು. ಪ್ರತಿಮೆಯ ಸುದ್ದಿಯೇ ಎತ್ತದೆ ಬರೀ "ಇಲ್ಲ" ಅಂದರೆ ನಮ್ಮ ಅರ್ಧ ಬದುಕು ಪುಸ್ತಕದಿಂದ ಹೊರಗೆ ಹೋಗುತ್ತದೆ. ಸುಮಾರು 600ರಲ್ಲಿ ಮಾರ್ಸೆಯಿನ ಬಿಷಪ್ ಒಬ್ಬರು ಚಿತ್ರಗಳನ್ನು ಒಡೆಸಿದಾಗ ಪೋಪ್ ಗ್ರೆಗರಿ ಅವರಿಗೆ ಕಾಗದ ಬರೆದು ಬೈದರು. ಓದಲು ಬರದವರು ಗೋಡೆಯ ಮೇಲೆ ನೋಡಿ ಓದಿಕೊಳ್ಳುತ್ತಾರೆ ಅಂದರು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಒಳಗೆ ಹೋಗಿ ಮೇಲೆ ನೋಡಿ. ಇಟಲಿಯಿಂದ ಬಂದ ಮೊಸ್ಕೇನಿ ಸುಮಾರು 1900ರಲ್ಲಿ ಗೋಡೆ, ಚಾವಣಿ ಎಲ್ಲ ಬರೆದದ್ದು. ಮಕ್ಕಳ ಪುಸ್ತಕದಲ್ಲಿ ಚಿತ್ರ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಧಾರವಾಡದವ
"ಓದಲು ಬರದವರು" ಅಂದಿರಿ. 1563ರ ನಮ್ಮ ಪ್ರೊಟೆಸ್ಟೆಂಟರ ಹೈಡೆಲ್‌ಬರ್ಗ್ ಜ್ಞಾನೋಪದೇಶ ಇದೇ ಪ್ರಶ್ನೆ ಕೇಳಿ ಉತ್ತರ ಕೊಟ್ಟಿದೆ. ಕೂಡದು, ದೇವರು ತನ್ನ ಜನರಿಗೆ ಮಾತನಾಡದ ಮೂರ್ತಿಗಳಿಂದ ಕಲಿಸುವುದಿಲ್ಲ, ವಾಕ್ಯದಿಂದ ಕಲಿಸುತ್ತಾನೆ. ಓದಲು ಬರದವರಿಗೆ ಓದು ಕಲಿಸಬೇಕು. ನಮ್ಮವರು ಊರೂರಿಗೆ ಶಾಲೆ ಕಟ್ಟಿದ್ದು ಅದಕ್ಕೇ.

ಕುಡ್ಲ_ಕೊಂಕಣಿ
ಶಾಲೆ ನಾವೂ ಕಟ್ಟಿದ್ದೇವೆ. ನಿಮ್ಮ ಬಾಸೆಲ್ ಊರಿನಲ್ಲಿ 1529ರಲ್ಲಿ ಏನಾಯಿತು ಅಂತ ಮಕ್ಕಳಿಗೆ ಹೇಳುತ್ತೀರಾ? ಜನ ಗುಂಪು ಕಟ್ಟಿಕೊಂಡು ದೊಡ್ಡ ಇಗರ್ಜಿಗೆ ನುಗ್ಗಿ ಪ್ರತಿಮೆಗಳನ್ನು ಒಡೆದರು, ಸುಟ್ಟರು. ಲೂಥರ್ ಅಂಥದ್ದನ್ನು 1522ರಲ್ಲೇ ವಿಟೆನ್‌ಬರ್ಗ್‌ನಲ್ಲಿ ವಿರೋಧಿಸಿ ಎಂಟು ದಿನ ಪ್ರಸಂಗ ಮಾಡಿದ್ದರು. ಇನ್ನು ಬೈಬಲ್. ವಿಮೋಚನಕಾಂಡ 20ರಲ್ಲಿ ಮೂರ್ತಿ ಬೇಡ ಅಂದ ಅದೇ ದೇವರು 25ರಲ್ಲಿ ಮಂಜೂಷದ, ಅಂದರೆ ಆಜ್ಞೆಗಳನ್ನು ಇಡುವ ಪೆಟ್ಟಿಗೆಯ ಮೇಲೆ ಚಿನ್ನದ ಕೆರೂಬಿಗಳನ್ನು, ಅಂದರೆ ರೆಕ್ಕೆಯ ದೇವದೂತರನ್ನು ಮಾಡು ಅನ್ನುತ್ತಾನೆ. ಅರಣ್ಯಕಾಂಡ 21ರಲ್ಲಿ ಮೋಶೆಗೆ ತಾಮ್ರದ ಸರ್ಪ ಮಾಡಿ ಕಂಬಕ್ಕೆ ಏರಿಸು ಅನ್ನುತ್ತಾನೆ. ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು.

ಧಾರವಾಡದವ
ತಾಮ್ರದ ಸರ್ಪದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದಿರಿ! ಎರಡನೇ ಅರಸುಗಳ ಪುಸ್ತಕ, 18ನೇ ಅಧ್ಯಾಯ. ಜನ ಅದೇ ಸರ್ಪಕ್ಕೆ ಧೂಪ ಹಾಕಲು ಶುರು ಮಾಡಿದರು. ಅರಸ ಹಿಜ್ಕೀಯ ಅದನ್ನು ಚೂರು ಚೂರು ಮಾಡಿದ. ಅವನು ಮಾಡಿದ್ದು ಸರಿ ಅಂತಲೇ ಬೈಬಲ್ ಹೇಳುತ್ತದೆ. ನಾನು ಹೇಳುತ್ತಿರುವುದೂ ಅಷ್ಟೇ. ಮೊದಲು ನೆನಪಿಗೆ ಅಂತ ಇಡುತ್ತಾರೆ, ಆಮೇಲೆ ಧೂಪ ಬರುತ್ತದೆ.

ಕೂಡಲ_ಶರಣ
ಧೂಪದ ಮಾತು ಬಂತು, ಅದಕ್ಕೇ ಹೇಳುತ್ತೇನೆ. ಸ್ಥಾವರಕ್ಕೆ ಅಳಿವುಂಟು ಅಂತ ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಹೇಳಿದರು. ಅದಕ್ಕೆ ಬಾಸೆಲ್ ಬೇಕಾಗಿರಲಿಲ್ಲ. ಗುಡಿ ಬೇಡ, ಇಷ್ಟಲಿಂಗ ಅಂಗೈಯಲ್ಲೇ ಇದೆ. ಈ ಕೋಷ್ಟಕದಲ್ಲಿ ಲಿಂಗಾಯತರು ಎಲ್ಲಿ? ಹಿಂದೂ ಕಾಲಂನಲ್ಲಿ ಸೇರಿಸಿ "ಹಲವು ರೂಪ, ವಿಗ್ರಹಾರಾಧನೆ ಇದೆ" ಅಂದರೆ ನಾನು ಒಪ್ಪುವುದಿಲ್ಲ. ಕರ್ನಾಟಕದ ಮಕ್ಕಳಿಗೆ ಬರೆಯುವ ಪುಸ್ತಕ ಇದು.

ಬಿಳಿಗಿರಿ
"ಸೇರಿಸಿ" ಅನ್ನುವ ಜಗಳ, ಲಿಂಗಾಯತರು ಹಿಂದೂಗಳೋ ಬೇರೆ ಧರ್ಮವೋ ಅನ್ನುವುದು, ಎಷ್ಟೋ ವರ್ಷಗಳಿಂದ ನಡೆಯುತ್ತಲೇ ಇದೆ, ಇಲ್ಲಿ ಬೇಡ. ನನಗೆ ಬೇಕಾದ ಉತ್ತರ ಕುಡ್ಲದವರಿಂದ. ನಿಮ್ಮ ಪ್ರತಿಮೆಗೆ ಹೂ ಹಾಕಿದರೆ ಗೌರವ. ನಾನು ಹಾಕಿದರೆ ಆರಾಧನೆ. ಯಾವ ನ್ಯಾಯ ಇದು? ಗಣಪತಿ ಹಬ್ಬ ನೋಡಿದ್ದೀರಲ್ಲ. ಅಂಗಡಿಯಲ್ಲಿ ಇರುವ ತನಕ ಅದು ಮಣ್ಣು. ಮನೆಗೆ ತಂದು ಮಂಟಪದಲ್ಲಿ ಕೂರಿಸಿ, ಪ್ರಾಣಪ್ರತಿಷ್ಠೆ ಮಾಡಿ, ಬಾ ಅಂತ ಕರೆದ ಮೇಲೆ ಗಣಪತಿ. ಪೂಜೆ ಮುಗಿಸಿ, ಹೋಗಿ ಬಾ ಅಂತ ಬೀಳ್ಕೊಟ್ಟು, ಅದೇ ಮಣ್ಣನ್ನು ಕೆರೆಗೆ ಬಿಡುತ್ತೇವೆ. ಮಣ್ಣೇ ದೇವರು ಅಂದುಕೊಂಡಿದ್ದರೆ ಯಾರಾದರೂ ನೀರಿಗೆ ಹಾಕುತ್ತಾರಾ? ಮಕ್ಕಳೂ ಇದನ್ನು ಬಲ್ಲರು. ಕೆರೆ ದಂಡೆಯಲ್ಲಿ ಅಳುತ್ತಾ ನಿಂತ ಮಗುವಿಗೆ ಮುಂದಿನ ವರ್ಷ ಮತ್ತೆ ಬರುತ್ತಾನೆ ಅಂತ ಅಜ್ಜಿ ಹೇಳುತ್ತಾಳೆ. ಗೌರವ ದಾಟಿ ಹೋಗಿ ಮುಟ್ಟುತ್ತದೆ ಅಂತ ನೀವು 787ರಲ್ಲಿ ಕಂಡುಕೊಂಡದ್ದು ನಮ್ಮ ಅಜ್ಜಿಗೂ ಗೊತ್ತು.

ಕುಡ್ಲ_ಕೊಂಕಣಿ
ಯಾವ ನ್ಯಾಯ ಅಂತ ನನ್ನನ್ನು ಕೇಳಬೇಡಿ. ನಿಮ್ಮದನ್ನು ಆರಾಧನೆ ಅಂತ ನಾನು ಎಲ್ಲೂ ಬೈದಿಲ್ಲ. ಕಲ್ಲು ಅಂದವರು ಬೇರೆ. ಆದರೆ ಒಂದು ವ್ಯತ್ಯಾಸ ಇದೆ. ಪ್ರಾಣಪ್ರತಿಷ್ಠೆ ಆದ ಮೇಲೆ ಅಲ್ಲಿ ದೇವರೇ ಇದ್ದಾನೆ ಅಂತ ನೀವು ನಂಬುತ್ತೀರಿ. ಮಾತೆಯ ಪ್ರತಿಮೆಯ ಒಳಗೆ ಮಾತೆ ಇದ್ದಾರೆ ಅಂತ ನಾವು ನಂಬುವುದಿಲ್ಲ. ನಮ್ಮಲ್ಲಿ ಕ್ರಿಸ್ತರೇ ಇರುವುದು ಪರಮಪ್ರಸಾದದಲ್ಲಿ, ಅಂದರೆ ಪೂಜೆಯ ರೊಟ್ಟಿ, ದ್ರಾಕ್ಷಾರಸದಲ್ಲಿ. ಹೋಲಿಸಲೇಬೇಕು ಅಂದರೆ ಅದನ್ನು ಪ್ರಾಣಪ್ರತಿಷ್ಠೆಯ ಪಕ್ಕ ಇಡಿ.

ಧಾರವಾಡದವ
ಪರಮಪ್ರಸಾದದಲ್ಲಿ ಕ್ರಿಸ್ತರೇ ಇದ್ದಾರೆ ಅನ್ನುವುದು ನಿಮ್ಮ ಬೋಧನೆ, ಎಲ್ಲ ಕ್ರೈಸ್ತರದಲ್ಲ. ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ ಅನ್ನುವವರು ಕೋಟಿಗಟ್ಟಲೆ ಇದ್ದಾರೆ. ಇನ್ನೊಂದು ಸಾಲು ಸೇರಿಸಿ ಅನ್ನಬೇಡಿ, ದಯವಿಟ್ಟು.

ಕುಡ್ಲ_ಕೊಂಕಣಿ
ಅದರಲ್ಲಿ ಕ್ರಿಸ್ತರು ಇಲ್ಲ ಅಂತ ಲೂಥರ್ ಕೂಡ ಅನ್ನಲಿಲ್ಲ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಸ್ವಿಸ್ ಸುಧಾರಕ ಜ್ವಿಂಗ್ಲಿ ಜೊತೆ ಇದೇ ವಿಷಯಕ್ಕೆ ಮುರಿದುಕೊಂಡರು. ಕೋಟಿ ಲೆಕ್ಕ ಹಾಕುವುದಾದರೆ ಕ್ರೈಸ್ತರಲ್ಲಿ ಕಥೋಲಿಕರೇ ಅತಿ ಜಾಸ್ತಿ ಅನ್ನುವುದೂ ನೆನಪಿರಲಿ.

ಧಾರವಾಡದವ
ಜನ ಜಾಸ್ತಿ ಇದ್ದರೆ ಸತ್ಯವೂ ಜಾಸ್ತಿಯಾ? ಆ ಲೆಕ್ಕ ಹಿಡಿದರೆ ನಮ್ಮ ದೇಶದಲ್ಲಿ ನೀವೂ ಇಲ್ಲ, ನಾವೂ ಇಲ್ಲ.

ಲೀಡ್ಸ್_ಕನ್ನಡತಿ
ನೀವಿಬ್ಬರೂ ನಿಮ್ಮ ಜಗಳಕ್ಕೆ ಮಕ್ಕಳ ಪುಸ್ತಕ ಬಳಸಿಕೊಳ್ಳುತ್ತಿದ್ದೀರಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಸುದ್ದಿಯೇ ಬಂದಿಲ್ಲ. ಅವರು ಎರಡೂ ಕಡೆ ಸೇರುವುದಿಲ್ಲ. ಹಲಗೆಯ ಮೇಲೆ ಬರೆದ ಚಿತ್ರಕ್ಕೆ ಮುತ್ತಿಡುತ್ತಾರೆ, ಕಡೆದ ಪ್ರತಿಮೆ ಸಾಮಾನ್ಯವಾಗಿ ಇಡುವುದಿಲ್ಲ. ಬೈಜಾಂಟಿಯಂನಲ್ಲಿ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ, ಚಿತ್ರ ಬೇಕೋ ಬೇಡವೋ ಅಂತ ನೂರು ವರ್ಷಕ್ಕೂ ಜಾಸ್ತಿ ಕಾದಾಡಿ 843ರಲ್ಲಿ ಬೇಕು ಅಂತ ತೀರ್ಮಾನ ಮಾಡಿದರು. ಆ ದಿನವನ್ನು ಈಗಲೂ ಹಬ್ಬವಾಗಿ ಆಚರಿಸುತ್ತಾರೆ. ಬುದ್ಧನ ವಿಷಯವೂ ಅಷ್ಟೇ. ಸಾಂಚಿಯ ಹಳೆಯ ಕೆತ್ತನೆಗಳಲ್ಲಿ ಬುದ್ಧನ ಆಕಾರವೇ ಕಡೆದಿಲ್ಲ, ಬೋಧಿ ಮರ, ಚಕ್ರ, ಪಾದದ ಗುರುತು, ಖಾಲಿ ಪೀಠ ಮಾತ್ರ. ಗಾಂಧಾರ, ಮಥುರಾದ ಮೂರ್ತಿಗಳು ಆಮೇಲೆ ಬಂದವು. ಪ್ರತಿ ಧರ್ಮದ ಒಳಗೂ ಇದೇ ವಾದ ನಡೆದಿದೆ. ಅದನ್ನೇ ಮಕ್ಕಳಿಗೆ ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ.

ಪ್ರಶ್ನಿಸು
"ಪ್ರತಿ ಧರ್ಮದ ಒಳಗೂ" ಅಂದಿರಿ. ಇಸ್ಲಾಮನ್ನು ಯಾಕೆ ಬಿಟ್ಟಿರಿ? ಮೆಕ್ಕಾದ ಕಾಬಾದ ಕಪ್ಪು ಕಲ್ಲಿಗೆ ಮುತ್ತು ಕೊಡುವುದು ಏನು? ಅಲ್ಲಿಯೂ "ಇಲ್ಲ" ಅಂತ ಬರೆದಿದ್ದಾರೆ, ಯಾರೂ ಕೇಳಲಿಲ್ಲ.

ಬೀದರ್_ಓದುಗ
ಕಪ್ಪು ಕಲ್ಲಿನ ಉತ್ತರ ಎರಡನೇ ಖಲೀಫ ಉಮರ್ ಅವರೇ ಕೊಟ್ಟಿದ್ದಾರೆ. ಆ ಕಲ್ಲಿನ ಮುಂದೆ ನಿಂತು ಹೇಳಿದ್ದು, ನೀನು ಕಲ್ಲು ಅಂತ ನನಗೆ ಗೊತ್ತು, ನಿನ್ನಿಂದ ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ, ಪ್ರವಾದಿಯವರು ಮುತ್ತಿಟ್ಟದ್ದನ್ನು ನೋಡದಿದ್ದರೆ ನಾನು ಮುತ್ತಿಡುತ್ತಿರಲಿಲ್ಲ ಅಂತ. ಬುಖಾರಿ ಹದೀಸ್ ಸಂಗ್ರಹದಲ್ಲಿ ಇದೆ. ಯಾವ ಮುಸಲ್ಮಾನನೂ ಆ ಕಲ್ಲಿನಿಂದ ಏನನ್ನೂ ಬೇಡುವುದಿಲ್ಲ. ಅಲ್ಲಿ "ಇಲ್ಲ" ಅನ್ನುವುದು ಸರಿಯಾಗಿಯೇ ಇದೆ.

ಬಿಳಿಗಿರಿ
ನೋಡಿ, ಇವರದ್ದೂ ಬರೀ ಗೌರವ. ಕೊನೆಗೆ "ಇದೆ" ಉಳಿದದ್ದು ನಮಗೆ ಮಾತ್ರ. ಆ ಸಾಲನ್ನೇ ಕಿತ್ತು ಹಾಕಿ.

ಗೂಡುದೀಪ
ಕಿತ್ತು ಹಾಕುವುದಿಲ್ಲ. ಮಕ್ಕಳು ಮೊದಲು ಕೇಳುವ ಪ್ರಶ್ನೆಯೇ ಅದು. ಚರ್ಚಿನಲ್ಲಿ ಮೂರ್ತಿ ಇದೆ, ಮಸೀದಿಯಲ್ಲಿ ಯಾಕಿಲ್ಲ ಅಂತ. ಸಾಲಿನ ತಲೆಬರಹ "ಪ್ರಾರ್ಥನೆಯ ಜಾಗದಲ್ಲಿ ಏನು ಕಾಣುತ್ತದೆ" ಅಂತ ಮಾಡುತ್ತೇನೆ. ಕ್ರೈಸ್ತರ ಕೆಳಗೆ: ಶಿಲುಬೆ. ಕೆಲವು ಸಭೆಗಳಲ್ಲಿ ಮರಿಯ ಮಾತೆ ಮತ್ತು ಸಂತರ ಪ್ರತಿಮೆ, ಕೆಲವುಗಳಲ್ಲಿ ಚಿತ್ರ, ಕೆಲವುಗಳಲ್ಲಿ ಶಿಲುಬೆ ಬಿಟ್ಟು ಬೇರೇನೂ ಇಲ್ಲ. ಇದಕ್ಕೆ ಯಾರದ್ದೂ ತಕರಾರು ಇರಲಾರದು.

ಧಾರವಾಡದವ
ತಕರಾರು ಇದೆ. ಕಾಣುವುದು ಬರೆದರೆ ನಂಬುವುದು ಬಿಟ್ಟುಹೋಗುತ್ತದೆ. ಯಾಕೆ ಬೇರೇನೂ ಇಲ್ಲ ಅಂತ ಒಂದು ವಾಕ್ಯವಾದರೂ ಬೇಕು. ಅದಕ್ಕೆ ಎರಡನೇ ಆಜ್ಞೆ ಹೇಳಲೇಬೇಕು.

ಕುಡ್ಲ_ಕೊಂಕಣಿ
ಮೊದಲನೇ ಆಜ್ಞೆ. ಅದನ್ನು ಹಾಕುವುದಾದರೆ ಎರಡು ಲೆಕ್ಕವೂ ಇದೆ ಅಂತ ಹಾಕಿ. ಯಹೂದಿಗಳದ್ದು ಮೂರನೆಯ ಲೆಕ್ಕ ಇದೆ, ಅದನ್ನೂ ಹಾಕಿ. ಅವರಿಗೆ ನಿಮ್ಮ ಪುಸ್ತಕದಲ್ಲಿ ಕಾಲಂ ಕೂಡ ಇಲ್ಲ. ಯೇಸು ಹುಟ್ಟಿದ್ದೇ ಆ ಧರ್ಮದಲ್ಲಿ.

ಶ್ರಾವಕ
ಸ್ಥಾಪಕರ ಸಾಲು ಏನಾಯಿತು? ಮಹಾವೀರರ ಹೆಸರು ಇನ್ನೂ ಅಲ್ಲೇ ಇದೆ.

ಗೂಡುದೀಪ
ಆ ಸಾಲನ್ನು "ಮುಖ್ಯ ಗುರು" ಅಂತ ಬದಲಿಸಬಹುದು. ಮಹಾವೀರರು ಇರಲಿ, ಶಾಲೆಯ ಪುಸ್ತಕಗಳಲ್ಲೂ ಮಕ್ಕಳು ಅವರ ಹೆಸರನ್ನೇ ಓದುತ್ತಾರೆ.

ಬೀದರ್_ಓದುಗ
"ಮುಖ್ಯ ಗುರು" ಅಂದರೂ ನಾನು ಕೇಳಿದ್ದಕ್ಕೆ ಉತ್ತರ ಆಗಲಿಲ್ಲ. ಇಷ್ಟು ಹೊತ್ತು ಎಲ್ಲರೂ ಮೂರ್ತಿಯ ಬಗ್ಗೆಯೇ ಬರೆದಿರಿ. ಯೇಸು ಎರಡು ಧರ್ಮಗಳಿಗೆ ಸೇರಿದವರು. ಇಸ್ಲಾಂ ಕಾಲಂನಲ್ಲಿ ಅವರ ಹೆಸರು ಇನ್ನೂ ಇಲ್ಲ. ನಾನೇ ಬರೆದು ಕೊಡುತ್ತೇನೆ, ನಾಲ್ಕೇ ಸಾಲು, ಮರಿಯಮ್ ಅಧ್ಯಾಯದ ಖರ್ಜೂರದ ಮರದ ಕಥೆ ಸೇರಿಸಿ. ಹೆರಿಗೆ ನೋವಿನಲ್ಲಿ ಆ ತಾಯಿ ಮರದ ಬುಡಕ್ಕೆ ಬರುವುದು, ಕಾಂಡ ಅಲುಗಿಸು, ಹಣ್ಣು ಬೀಳುತ್ತದೆ ಅನ್ನುವ ಮಾತು ಕೇಳಿಸುವುದು. ಗೋದಲಿ ಕಟ್ಟಿ ಗೊತ್ತಿರುವ ಮಕ್ಕಳು ಅದನ್ನು ಓದಲಿ. ಅಚ್ಚಿಗೆ ಯಾವಾಗ ಕೊಡುತ್ತೀರಿ, ಯಾವ ವಿಳಾಸಕ್ಕೆ ಕಳಿಸಲಿ?